ಸುಳ್ಳು ಅಂತ ಗೊತ್ತು, ಆದ್ರೂ ನಮ್ಮೋರು ಅಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಚುನಾವಣೆ ಪ್ರಚಾರದ ಸುಳ್ಳು, ಅದನ್ನು ಸುಮ್ನೆ ಒಪ್ಪಿಕೊಳ್ಳುವ ಜನ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ಬರೆದಿದ್ದೀರಿ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದೀರಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ. ಪಕ್ಷದ ಹೆಸರುಗಳನ್ನು ನಾನೇ ತೆಗೆದಿದ್ದೇನೆ. ಅವು ಇದ್ದರೆ ಉತ್ತರ ಓದುವ ಮೊದಲೇ ಅರ್ಧ ಜನ ಪುಟ ತಿರುಗಿಸುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಅಣ್ಣನ ಮಗ ಒಂದು ವಿಡಿಯೊ ಹಾಕಿದ. ಎದುರು ಪಕ್ಷದ ಅಭ್ಯರ್ಥಿ ವೇದಿಕೆ ಮೇಲೆ ನಿಂತು, "ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಜನಕ್ಕೆ ಒಂದು ಬಾಟಲಿ, ಒಂದು ನೋಟು ಬಿಸಾಕಿದ್ರೆ ಸಾಕು" ಎನ್ನುತ್ತಾನೆ. ನನಗೂ ಸಿಟ್ಟು ಬಂತು. ಆಮೇಲೆ ಪೂರ್ತಿ ಭಾಷಣ ಹುಡುಕಿ ನೋಡಿದೆ. ಆ ಮಾತಿನ ಹಿಂದೆಯೇ "ಅಂತ ತಿಳ್ಕೊಂಡವ್ರೆ, ಅವರಿಗೆ ನೀವೇ ಬುದ್ಧಿ ಕಲಿಸಿ" ಅಂತಿದೆ! ಅಷ್ಟನ್ನು ಕತ್ತರಿಸಿದ್ದಾರೆ. ನಾನು ಪೂರ್ತಿ ವಿಡಿಯೊ ಗ್ರೂಪಿಗೆ ಹಾಕಿದೆ. ಹುಡುಗ ಫೋನ್ ಮಾಡಿ, "ಗೊತ್ತು ಚಿಕ್ಕಪ್ಪ, ಆದ್ರೆ ಅವರು ನಮ್ಮೋರ ಮೇಲೆ ಹೇಳಿದ್ದು ಕಮ್ಮಿನಾ? ಅದನ್ನ ಡಿಲೀಟ್ ಮಾಡಿ" ಎಂದ. ಓದಿದ ಹುಡುಗ, ಬೆಂಗಳೂರಲ್ಲಿ ಒಳ್ಳೆ ಕೆಲಸ. ಏನು ಹೇಳಲಿ ಅವನಿಗೆ?
— ಸಕಲೇಶಪುರ

ಉತ್ತರ: ಮೇಷ್ಟ್ರೇ, ಮೊದಲು ಒಂದು ಮಾತು. ಡಿಲೀಟ್ ಮಾಡಬೇಡಿ. ಮಾಡಿದ್ದರೆ ಇನ್ನೊಂದು ಸಲ ಹಾಕಿ.

ನಿಮ್ಮ ಪತ್ರ ಓದಿ ನನಗೆ ತುಂಬಾ ಬೇಜಾರಾಯಿತು. ವಿಡಿಯೊ ಕತ್ತರಿಸಿದವನ ಮೇಲಿನ ಸಿಟ್ಟಿಗಿಂತ ಆ "ಗೊತ್ತು ಚಿಕ್ಕಪ್ಪ" ಎನ್ನುವ ಮಾತಿನ ಮೇಲೆ ಜಾಸ್ತಿ. ನಮ್ಮಲ್ಲಿ ಇನ್ನೊಬ್ಬರ ಮಾತನ್ನು ಹೇಳುವಾಗ ಮಾತು ಮೊದಲು ಬರುತ್ತದೆ, ಅದು ಯಾರದ್ದು ಅನ್ನುವುದು ಕೊನೆಗೆ. ಆ ಕೊನೆಯ ಎರಡು ಸೆಕೆಂಡ್ ತೆಗೆದುಬಿಟ್ಟರೆ ಆ ಮಾತನ್ನು ಖಂಡಿಸಿದವನ ಬಾಯಲ್ಲೇ ಅದು ಕೂರುತ್ತದೆ. ಇದು ಕೈತಪ್ಪಿ ಆಗುವ ಕೆಲಸ ಅಲ್ಲ. ಯಾರೋ ಕನ್ನಡ ಚೆನ್ನಾಗಿ ಬಲ್ಲವರು ಕೂತು, ಪೂರ್ತಿ ಕೇಳಿ, ಎಲ್ಲಿ ನಿಲ್ಲಿಸಬೇಕು ಎಂದು ನೋಡಿಕೊಂಡು ಮಾಡಿದ್ದಾರೆ. ಅವರು ಸುಳ್ಳು ಹೇಳಲಿಕ್ಕೇ ಕೂತವರು ಬಿಡಿ. ನಿಮ್ಮ ಹುಡುಗ ಹಾಗಲ್ಲ. ಅವನಿಗೆ ನಿಜ ಗೊತ್ತಾಯಿತು, ಗೊತ್ತಾದ ಮೇಲೂ ಅದು ಗ್ರೂಪಿನಲ್ಲಿ ಇರಲಿ ಎಂದ.

ಚುನಾವಣೆ ಬಂದಾಗಲೆಲ್ಲ ನಾವು ಕೂಲಿ ಮಾಡುವವರನ್ನು ತೋರಿಸಿ "ಐನೂರಕ್ಕೆ ವೋಟು ಮಾರಿಕೊಳ್ತಾರೆ" ಎಂದು ಬೈಯುತ್ತೇವೆ. ಆ ಐನೂರು ತಗೊಂಡವರಿಗೆ ಒಂದು ಕಷ್ಟವಾದರೂ ಇರುತ್ತದೆ. ಎರಡು ಹೊತ್ತಿನ ಊಟಕ್ಕೆ ತೊಂದರೆ ಇಲ್ಲದ, ನಾಲ್ಕು ಅಕ್ಷರ ಕಲಿತ, ಪೂರ್ತಿ ಭಾಷಣ ಹುಡುಕಿ ನೋಡಲು ಬಿಡುವೂ ಇರುವ ಮನುಷ್ಯ ಒಂದು ರೂಪಾಯಿಯನ್ನೂ ತಗೊಳ್ಳದೆ ಸುಳ್ಳನ್ನು ಒಪ್ಪಿಕೊಂಡು ಮುಂದಕ್ಕೆ ಕಳಿಸುತ್ತಾನಲ್ಲ, ನನ್ನ ಲೆಕ್ಕದಲ್ಲಿ ಊರಿಗೆ ಜಾಸ್ತಿ ಹಾನಿ ಅವನಿಂದ. ಈ ಅಂಕಣದಲ್ಲಿ ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಕಾನೂನು ಏನು ಹೇಳುತ್ತದೆ ಎಂದೂ ನೋಡೋಣ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123(4) ನೇ ಕಲಂ ಪ್ರಕಾರ ಅಭ್ಯರ್ಥಿಯೊಬ್ಬರ ನಡತೆ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ ಹಬ್ಬಿಸುವುದು ಭ್ರಷ್ಟ ಆಚರಣೆ. ಗೆದ್ದವರ ಆಯ್ಕೆಯೇ ರದ್ದಾಗಬಹುದು. ಆದರೆ ಅದನ್ನು ಅಭ್ಯರ್ಥಿಯೋ ಅವರ ಏಜೆಂಟೋ ಮಾಡಿರಬೇಕು, ಇಲ್ಲವೇ ಅವರ ಒಪ್ಪಿಗೆಯಿಂದ ಬೇರೆಯವರು ಮಾಡಿರಬೇಕು. ಒಪ್ಪಿಗೆ ಇತ್ತು ಎಂದು ಕೋರ್ಟಿನಲ್ಲಿ ತೋರಿಸುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಈ ಸಂದಿಯಲ್ಲೇ ಸುಳ್ಳೆಲ್ಲ ನುಸುಳುತ್ತದೆ. ಅಭ್ಯರ್ಥಿ ಕೈ ತೊಳೆದುಕೊಂಡು ದೂರ ನಿಲ್ಲುತ್ತಾರೆ, ಅಭಿಮಾನಿಗಳು ಬಿಟ್ಟಿಯಾಗಿ ಹಂಚುತ್ತಾರೆ. ಹಂಚುವವರಿಗೂ ಕಾನೂನು ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಂ ಪ್ರಕಾರ ಫಲಿತಾಂಶದ ಮೇಲೆ ಪರಿಣಾಮ ಬೀರಲೆಂದು ಇಂಥ ಸುಳ್ಳನ್ನು ಪ್ರಕಟಿಸಿದ ಯಾರಿಗೇ ಆದರೂ ದಂಡ ಹಾಕಬಹುದು. ಬರೀ ದಂಡ, ಜೈಲಿಲ್ಲ. ಹಳೇ ಐಪಿಸಿಯಲ್ಲೂ ಅಷ್ಟೇ ಇತ್ತು.

ಹಾಗಾಗಿ ಪೊಲೀಸರು ಬಂದು ನಿಮ್ಮ ಹುಡುಗನನ್ನು ಕೇಳುತ್ತಾರೆ ಎಂದು ಕಾಯಬೇಡಿ. ಕೇಳಬೇಕಾದವರು ನೀವೇ. ಪಕ್ಷದ ಮಾತು ಎತ್ತಬೇಡಿ, ಎತ್ತಿದರೆ ಜಗಳ ಅಲ್ಲಿಗೇ ಹೋಗುತ್ತದೆ. ಒಂದೇ ಪ್ರಶ್ನೆ ಕೇಳಿ: ಗ್ರೂಪಿನಲ್ಲಿ ನಿನ್ನ ಅತ್ತೆ ಇದ್ದಾಳೆ, ನಿನ್ನ ಅಜ್ಜಿ ಇದ್ದಾಳೆ, ಅವರು ಆ ವಿಡಿಯೊ ನಿಜ ಅಂತ ನಂಬಿಕೊಂಡು ಬೂತಿಗೆ ಹೋದರೆ, ಅವರಿಗೆ ಮೋಸ ಮಾಡಿದ್ದು ಯಾರು? ಎದುರು ಪಕ್ಷದವರಂತೂ ಅಲ್ಲ. ಮನೆ ಮಗನೇ ಮಾಡಿದ ಹಾಗಾಯಿತು ಅಲ್ವಾ?

"ಅವರು ಮಾಡಿದ್ದು ಕಮ್ಮಿನಾ" ಎಂದನಲ್ಲ, ಅದಕ್ಕೂ ಉತ್ತರ ಇದೆ. ಕಮ್ಮಿ ಇಲ್ಲದೆ ಇರಬಹುದು. ಹಾಗಿದ್ದರೆ ಅವರು ಹೇಳಿದ ಸುಳ್ಳನ್ನೂ ಇದೇ ರೀತಿ ಪೂರ್ತಿ ವಿಡಿಯೊ ಹಾಕಿ ಬಯಲು ಮಾಡಲಿ, ನೀವೂ ಅವನ ಜೊತೆ ನಿಲ್ಲಿ. ಎದುರು ಪಕ್ಷದವರ ಸುಳ್ಳನ್ನು ಸುಳ್ಳು ಎನ್ನುವುದು ಸುಲಭ, ಎಲ್ಲರೂ ಮಾಡುತ್ತಾರೆ. ನಮ್ಮವರ ಸುಳ್ಳನ್ನು ನಮ್ಮವರ ಮುಂದೆ ಹೇಳಿದ್ದು ಕಷ್ಟದ ಕೆಲಸ. ಅದನ್ನು ನೀವು ಮಾಡಿದ್ದೀರಿ.

ಪ್ರಶ್ನೆ: ಎಲೆಕ್ಷನ್ ಹಿಂದಿನ ರಾತ್ರಿ ಮನೆಗೆ ಬಂದು ದುಡ್ಡು ಕೊಟ್ಟರು. ಧರ್ಮಸ್ಥಳದ ಸ್ವಾಮಿ ಫೋಟೊ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ನಮ್ಮನೆಯವರು ತಗೊಂಡುಬಿಟ್ಟಿದ್ದರು, ನಾನು ಬೇಡ ಅನ್ನುವಷ್ಟರಲ್ಲಿ ಆಣೆಯೂ ಆಗಿಹೋಯಿತು. ಬೂತಿನಲ್ಲಿ ನಾನು ನನ್ನ ಮನಸ್ಸಿಗೆ ಬಂದವರಿಗೇ ಹಾಕಿದೆ. ಅವತ್ತಿಂದ ಮಗುವಿಗೆ ಜ್ವರ ಬಂದರೂ ಭಯ. ಅವರಿಗೂ ಗೊತ್ತಾಗಿಬಿಡುತ್ತಾ?
— ಅರಸೀಕೆರೆ ಹತ್ತಿರದ ಹಳ್ಳಿ

ಉತ್ತರ: ತಾಯೀ, ಮಗುವಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಆಣೆಯ ಭಾರವನ್ನು ಅದರ ತಲೆ ಮೇಲೆ ಹಾಕಬೇಡಿ.

ನಿಮಗೆ ಗೊತ್ತಿರಬೇಕಾದ ವಿಷಯ ಒಂದಿದೆ. ಆ ಆಣೆಯೇ ಕಾನೂನಿಗೆ ವಿರುದ್ಧ. ಇಂಥವರಿಗೆ ವೋಟು ಹಾಕದಿದ್ದರೆ ದೇವರು ಮುನಿಯುತ್ತಾನೆ ಎಂದು ಮತದಾರರನ್ನು ನಂಬಿಸುವುದನ್ನು ಜನತಾ ಪ್ರಾತಿನಿಧ್ಯ ಕಾಯ್ದೆ 123(2)ರಲ್ಲಿ ಬಾಯಿಬಿಟ್ಟು ಹೆಸರಿಸಿ ತಪ್ಪು ಎಂದಿದೆ. ಈ ಕಾಯ್ದೆ ಬರೆದವರಿಗೆ ನಮ್ಮ ಹಳ್ಳಿಗಳ ವಿಷಯ ಆಗಲೇ ಗೊತ್ತಿತ್ತು. ದುಡ್ಡು ಕೊಡುವವರು ಆಣೆ ಯಾಕೆ ಮಾಡಿಸುತ್ತಾರೆ ಹೇಳಿ? ದುಡ್ಡಿನ ಮೇಲೆ ಅವರಿಗೇ ನಂಬಿಕೆ ಇಲ್ಲ. ನಿಮ್ಮ ಭಕ್ತಿ ಮೇಲೆ ನಂಬಿಕೆ ಇದೆ. ಅದನ್ನೇ ಹಿಡಿದು ಎಳೆಯುತ್ತಾರೆ. ದೇವರನ್ನು ಈ ವ್ಯವಹಾರಕ್ಕೆ ಎಳೆದು ತಂದವರು ಹೆದರಬೇಕು, ನೀವು ಯಾಕೆ ಹೆದರುತ್ತೀರಿ? ಮನಸ್ಸಿಗೆ ಸಮಾಧಾನ ಆಗಲಿಲ್ಲ ಅಂದರೆ ಅಷ್ಟು ದುಡ್ಡನ್ನು ಯಾವುದಾದರೂ ದೇವಸ್ಥಾನದ ಅನ್ನದಾನಕ್ಕೆ ಹಾಕಿ ಬನ್ನಿ.

ಗೊತ್ತಾಗುತ್ತಾ ಎಂದು ಕೇಳಿದ್ದೀರಿ. ಇಲ್ಲ. ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಗಾಜಿನಲ್ಲಿ 7 ಸೆಕೆಂಡ್ ಚೀಟಿ ಕಾಣುತ್ತದೆ, ಅದು ನಿಮಗೆ ಮಾತ್ರ. ಅದರಲ್ಲಿ ನಿಮ್ಮ ಹೆಸರಿಲ್ಲ. ಆಮೇಲೆ ಅದು ಡಬ್ಬಿಯೊಳಗೆ ಬೀಳುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಒಟ್ಟು ಎಷ್ಟು ಬಿತ್ತು ಅನ್ನುವುದು ಮಾತ್ರ ಎಣಿಕೆ ಆದ ಮೇಲೆ ಹೊರಗೆ ಬರುತ್ತದೆ. ಆ ಲೆಕ್ಕ ಹಿಡಿದುಕೊಂಡು "ನಿಮ್ಮ ಬೀದಿಯವರು ಕೈಕೊಟ್ಟಿರಿ" ಎಂದು ಹೆದರಿಸುವವರು ಇದ್ದಾರೆ. ಬೀದಿ ಲೆಕ್ಕ ಅವರಿಗೆ ಗೊತ್ತು, ನಿಮ್ಮ ಲೆಕ್ಕ ಗೊತ್ತಿಲ್ಲ.

ನಿಮ್ಮ ಯಜಮಾನರಿಗೂ ಒಂದು ಮಾತು ಹೇಳಿಬಿಡಿ. ಕೊಟ್ಟವರಷ್ಟೇ ತಗೊಂಡವರೂ ಕಾನೂನಿನ ಕಣ್ಣಲ್ಲಿ ಅಪರಾಧಿಗಳು. ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಎರಡನ್ನೂ ಹಾಕಬಹುದು. ಮುಂದಿನ ಸಲ ಬಾಗಿಲಲ್ಲೇ ಬೇಡ ಎನ್ನಲಿ. ನೀವು ಇಬ್ಬರೂ ಒಟ್ಟಿಗೆ ನಿಂತು ಹೇಳಿದರೆ ಸುಲಭ.

ಪ್ರಶ್ನೆ: ಮೊದಲ ಸಲ ವೋಟು ಹಾಕೋಳು ನಾನು. ಎಲ್ಲಾ ಪಕ್ಷದವರೂ ಸುಳ್ಳೇ ಹೇಳೋದು. ನೋಟಾ ಒತ್ತಿ ಬಂದ್ರೆ ಆಯ್ತಲ್ವಾ?
— ಹಾಸನ, ಕಾಲೇಜು ವಿದ್ಯಾರ್ಥಿನಿ

ಉತ್ತರ: ಒತ್ತಬಹುದು, ನಿಮ್ಮ ಹಕ್ಕು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಗುಂಡಿ ಅದು. ಆದರೆ ಶಾಸಕರ ಚುನಾವಣೆಯಲ್ಲಿ, ಸಂಸದರ ಚುನಾವಣೆಯಲ್ಲಿ ನೋಟಾಕ್ಕೆ ಎಲ್ಲರಿಗಿಂತ ಜಾಸ್ತಿ ವೋಟು ಬಿದ್ದರೂ ನಂತರದ ಸ್ಥಾನದ ಅಭ್ಯರ್ಥಿಯೇ ಗೆಲ್ಲುತ್ತಾರೆ. ಇದು ಗೊತ್ತಿದ್ದು ಒತ್ತಿ.

"ಎಲ್ಲರೂ ಸುಳ್ಳೇ" ಎನ್ನುವ ಮಾತಿನ ಬಗ್ಗೆ ನನಗೆ ತಕರಾರಿದೆ. ಇದು ಜಾಸ್ತಿ ಸುಳ್ಳು ಹೇಳುವವರಿಗೆ ತುಂಬಾ ಇಷ್ಟವಾದ ಮಾತು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ, ಸ್ವಲ್ಪ ನಿಜ ಹೇಳುವ ಒಬ್ಬ ಮನುಷ್ಯ ಇದ್ದರೆ ಅವನಿಗೆ ಅದರಿಂದ ಏನೂ ಸಿಗುವುದಿಲ್ಲ. ಯಾರು ಕಡಿಮೆ ಸುಳ್ಳು ಹೇಳಿದರು ಎಂದು ನೋಡಿ. ಪಕ್ಕದ ಶೃಂಗೇರಿ ಕ್ಷೇತ್ರದಲ್ಲಿ 2023ರ ಮೇ 13ರಂದು ಪ್ರಕಟವಾದ ಫಲಿತಾಂಶದಲ್ಲಿ ಗೆಲುವಿನ ಅಂತರ 201 ವೋಟು. ಒಂದು ಕಾಲೇಜಿನ ಕೆಲವೇ ತರಗತಿಯ ಮಕ್ಕಳು ಸೇರಿದರೆ ಅಷ್ಟಾಗುತ್ತದೆ.

ಪ್ರಶ್ನೆ: ಪ್ರತಿ ಎಲೆಕ್ಷನ್‌ನಲ್ಲೂ "ಕಾಡಾನೆ ಸಮಸ್ಯೆಗೆ ಶಾಶ್ವತ ಪರಿಹಾರ" ಎನ್ನುತ್ತಾರೆ. ನಾವೂ ಚಪ್ಪಾಳೆ ಹೊಡೆಯುತ್ತೇವೆ. ಕಾಫಿ, ಭತ್ತ, ಬಾಳೆ ಹೋಗುವುದು ನಿಂತಿಲ್ಲ, ಜನ ಸಾಯುವುದೂ ನಿಂತಿಲ್ಲ. ಕೊಟ್ಟ ಮಾತು ತಪ್ಪಿದವರ ಮೇಲೆ ಕೇಸು ಹಾಕಲು ಬರುವುದಿಲ್ಲವೇ?
— ಮೂಡಿಗೆರೆ, ಸಣ್ಣ ಬೆಳೆಗಾರ

ಉತ್ತರ: ಬರುವುದಿಲ್ಲ. ಪ್ರಣಾಳಿಕೆಯಲ್ಲಿ ಕೊಡುವ ಭರವಸೆ ಭ್ರಷ್ಟ ಆಚರಣೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿದೆ. ಮಾತು ತಪ್ಪಿದವರಿಗೆ ಶಿಕ್ಷೆ ಕೊಡುವ ಜಾಗ ಬೂತು ಒಂದೇ.

ಆದರೂ ಈ ವಿಷಯದಲ್ಲಿ ಸ್ವಲ್ಪ ನ್ಯಾಯವಾಗಿ ಯೋಚಿಸೋಣ. ಮಾತು ಕೊಟ್ಟು, ಪ್ರಯತ್ನ ಮಾಡಿ, ಆಗದೆ ಹೋಗುವುದು ಬೇರೆ. ಆಗುವುದಿಲ್ಲ ಎಂದು ಗೊತ್ತಿದ್ದೇ ಹೇಳುವುದು ಬೇರೆ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬರುತ್ತದೆ ಎಂದು ಎಷ್ಟೋ ವರ್ಷ ಹೇಳುತ್ತಲೇ ಇದ್ದರು, ಜನ ನಂಬುವುದನ್ನೇ ಬಿಟ್ಟಿದ್ದರು, 2013ರಲ್ಲಿ ಬಂತು. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆ ಆಯಿತು, ಅದರ ಮೇಲೆ ಎಷ್ಟು ಚುನಾವಣೆಯ ಭಾಷಣಗಳು ಹಾರಿಹೋದವು ಎಂದು ಹಾಸನದವರಿಗೆ ಹೇಳಬೇಕಿಲ್ಲ. ತಡವಾಯಿತು ಎಂದ ಮಾತ್ರಕ್ಕೆ ಸುಳ್ಳು ಅನ್ನಲು ಆಗುವುದಿಲ್ಲ. ತಡ ಯಾಕೆ ಎಂದು ಮಾತ್ರ ಕೇಳಲೇಬೇಕು.

ಆನೆ ವಿಷಯದಲ್ಲಿ "ಶಾಶ್ವತ ಪರಿಹಾರ" ಎಂದು ಬರೀ ಬಾಯಿಮಾತಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ, ಯಾವ ಪಕ್ಷದವರೇ ಇರಲಿ. ಯಾಕೆ ಅಂದರೆ ಆನೆ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಇಲ್ಲದೆ ಒಂದು ಆನೆಯನ್ನೂ ಹಿಡಿಯುವಂತಿಲ್ಲ. "ಗೆದ್ದ ಮರುದಿನವೇ ಎಲ್ಲಾ ಆನೆ ಸಾಗಿಸುತ್ತೇವೆ" ಎನ್ನುವವರಿಗೆ ಈ ಅಧಿಕಾರವೇ ಇಲ್ಲ, ಅದು ಅವರಿಗೂ ಗೊತ್ತು. ಹಳೇ ರೈಲು ಕಂಬಿಯ ಬೇಲಿ ಹಾಕಿಸುತ್ತೇವೆ ಎನ್ನುತ್ತಾರೆ. ಒಳ್ಳೆಯದೇ, ಆದರೆ ಕಿಲೋಮೀಟರಿಗೆ ಕೋಟಿ ರೂಪಾಯಿ ಮೀರುವ ಕೆಲಸ ಅದು. ಹಾಕಿದ ಕಡೆ ತಡೆದ ಆನೆ ಬೇಲಿ ಇಲ್ಲದ ಪಕ್ಕದ ಊರಿಗೆ ಇಳಿಯುತ್ತದೆ. 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತ ಅರ್ಜುನನೇ ಸತ್ತುಹೋದ. ಅಷ್ಟು ಅನುಭವ ಇರುವ ಆನೆ, ಅಷ್ಟು ಜನ ಮಾವುತರು, ಇಲಾಖೆಯವರು ಇದ್ದೂ ಹಾಗಾಯಿತು. ಮರುವರ್ಷ ಏಪ್ರಿಲ್ 26ಕ್ಕೆ ಲೋಕಸಭೆ ಮತದಾನ. ನಡುವಿನ ತಿಂಗಳುಗಳಲ್ಲಿ ಮಲೆನಾಡಿಗೆ ವೋಟು ಕೇಳಲು ಬಂದವರಲ್ಲಿ ಎಷ್ಟು ಜನ ಈ ಕಷ್ಟವನ್ನು ಬಿಡಿಸಿ ಹೇಳಿದರು?

ನೀವು "ನಾವೂ ಚಪ್ಪಾಳೆ ಹೊಡೆಯುತ್ತೇವೆ" ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ ಸಾಲು. ಮುಂದಿನ ಸಲ ನಿಮ್ಮ ತೋಟದ ಗೇಟಿಗೆ ಬಂದಾಗ ಚಪ್ಪಾಳೆಗೆ ಮೊದಲು ಕೇಳಿ: ಬೇಲಿ ಎಲ್ಲಿಂದ ಎಲ್ಲಿಗೆ? ಎಷ್ಟು ಕಿಲೋಮೀಟರ್? ದುಡ್ಡು ಯಾವ ಇಲಾಖೆಯದ್ದು? ಬೆಳೆ ಪರಿಹಾರದ ಹಳೇ ಬಾಕಿ ಯಾವಾಗ ತೀರಿಸುತ್ತೀರಿ? ಆಗದ ಕೆಲಸ ಯಾವುದು, ಅದನ್ನೂ ಹೇಳಿಬಿಡಿ ಎನ್ನಿ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ತಿಳಿಸಿಯೇ ಮಾಡಿ. "ಇದು ನನ್ನಿಂದ ಆಗುವುದಿಲ್ಲ" ಎಂದು ಯಾರಾದರೂ ಧೈರ್ಯವಾಗಿ ಹೇಳಿದರೆ ದಯವಿಟ್ಟು ಅವರನ್ನು ಕೂಗಿ ಓಡಿಸಬೇಡಿ. ನಿಜ ಹೇಳಿದವರನ್ನು ಸೋಲಿಸಿ ಸಿಹಿ ಹೇಳಿದವರನ್ನು ಗೆಲ್ಲಿಸುವ ಚಾಳಿ ನಮ್ಮದೇ, ಅವರಿಗೆ ಸುಳ್ಳು ಹೇಳಲು ಕಲಿಸಿದ್ದರಲ್ಲಿ ನಮ್ಮ ಪಾಲೂ ಇದೆ.

ಪ್ರಶ್ನೆ: ಅಭ್ಯರ್ಥಿಗಳು ಆಸ್ತಿ ವಿವರದ ಅಫಿಡವಿಟ್‌ನಲ್ಲೇ ಸುಳ್ಳು ಲೆಕ್ಕ ಕೊಡುತ್ತಾರಲ್ಲ, ಏನೂ ಆಗಲ್ವಾ?
— ಕಡೂರು

ಉತ್ತರ: ಆಗುತ್ತದೆ, ಆದರೆ ತುಂಬಾ ನಿಧಾನ. ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ನಿಮಗೆ ನೆನಪಿರಬಹುದು. 2019ರಲ್ಲಿ ಗೆದ್ದ ಸಂಸದರು ಆಸ್ತಿ ವಿವರ ಸರಿಯಾಗಿ ಕೊಟ್ಟಿಲ್ಲ ಎಂದು ಸೋತ ಅಭ್ಯರ್ಥಿ ಕೋರ್ಟಿಗೆ ಹೋದರು, ಕ್ಷೇತ್ರದ ಮತದಾರರೊಬ್ಬರೂ ಹೋದರು. 2023ರ ಸೆಪ್ಟೆಂಬರ್ 1ರಂದು ಕರ್ನಾಟಕ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧು ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಷ್ಟರಲ್ಲಿ ಐದು ವರ್ಷದಲ್ಲಿ ನಾಲ್ಕು ವರ್ಷ ಕಳೆದಿತ್ತು.

ಇದರಿಂದ ಬೇಸರ ಆಗುವುದು ಸಹಜ. ಆದರೆ ಒಬ್ಬ ಮತದಾರ ಕೂಡ ಹೈಕೋರ್ಟಿಗೆ ಹೋಗಬಹುದು ಎನ್ನುವುದನ್ನು ಗಮನಿಸಿ. ಆಯ್ಕೆ ಪ್ರಕಟವಾದ 45 ದಿನದೊಳಗೆ ಅರ್ಜಿ ಹಾಕಬೇಕು. ಸುಳ್ಳು ಅಫಿಡವಿಟ್ ಕೊಟ್ಟರೆ ಜನತಾ ಪ್ರಾತಿನಿಧ್ಯ ಕಾಯ್ದೆಯ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡವೂ ಇದೆ. ಅಫಿಡವಿಟ್‌ಗಳನ್ನು ಚುನಾವಣಾ ಆಯೋಗ ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಹಾಕುತ್ತದೆ. ಅಭ್ಯರ್ಥಿಯ ಜಾತಿ, ಉಪಜಾತಿ, ಮಾವನ ಮನೆ ಯಾವೂರು ಎಂದೆಲ್ಲ ತಿಳಿದುಕೊಳ್ಳುವ ನಮ್ಮ ಜನ ಅದನ್ನು ತೆರೆದು ಓದುವುದಿಲ್ಲ. ಅಲ್ಲಿ ಬರೆದ ಜಮೀನು ನಿಮ್ಮ ಪಕ್ಕದ ಊರಲ್ಲೇ ಇರುತ್ತದೆ, ನಿಜವೋ ಸುಳ್ಳೋ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪ್ರಶ್ನೆ: ಹದಿನೈದು ವರ್ಷದಿಂದ ಪಕ್ಷದ ಕೆಲಸ ಮಾಡುತ್ತಿದ್ದೇನೆ. ಮತದಾನಕ್ಕೆ ಎರಡು ದಿನ ಇರುವಾಗ ಒಂದು ಕಟ್ಟು ಕರಪತ್ರ ಕೊಟ್ಟರು. ಎದುರು ಅಭ್ಯರ್ಥಿಯ ಮನೆ ಹೆಣ್ಣುಮಕ್ಕಳ ಬಗ್ಗೆ ಬಾಯಿಗೆ ಬಂದ ಹಾಗೆ ಬರೆದಿದ್ದರು. ಆ ಕುಟುಂಬ ನನಗೆ ಚೆನ್ನಾಗಿ ಗೊತ್ತು, ಎಲ್ಲಾ ಸುಳ್ಳು. ಹಂಚುವುದಿಲ್ಲ ಎಂದೆ. ಈಗ ನನ್ನನ್ನು ಸಭೆಗೆ ಕರೆಯುವುದಿಲ್ಲ, "ದ್ರೋಹಿ" ಎನ್ನುತ್ತಾರೆ. ಮನೆಯವರೂ "ನಿನಗ್ಯಾಕೆ ಬೇಕಿತ್ತು, ಸುಮ್ನೆ ಹಂಚಿ ಬರಬಾರದಿತ್ತಾ" ಎನ್ನುತ್ತಾರೆ. ನಾನು ಮಾಡಿದ್ದು ತಪ್ಪಾ?
— ಕೊಪ್ಪ

ಉತ್ತರ: ತಪ್ಪಲ್ಲ. ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಈ ಪುಟದಲ್ಲಿ ಇಷ್ಟು ಹೊತ್ತು ನಾನು ಬರೆದದ್ದನ್ನು ನೀವು ಮಾಡಿ ತೋರಿಸಿದ್ದೀರಿ, ಅದೂ ನಿಮ್ಮ ಪಕ್ಷದ ಒಳಗೆ ಇದ್ದುಕೊಂಡು, ಹದಿನೈದು ವರ್ಷದ ಸ್ನೇಹವನ್ನು ಪಣಕ್ಕಿಟ್ಟು.

ನೀವು ಪಕ್ಷಕ್ಕೆ ದ್ರೋಹ ಮಾಡಿಲ್ಲ. ವೋಟು ಬೇರೆಯವರಿಗೆ ಹಾಕಿ ಎಂದು ಹೇಳಿಲ್ಲ, ಆಚೆ ಕಡೆಗೆ ಹೋಗಿಲ್ಲ. ಆ ಹೆಣ್ಣುಮಕ್ಕಳು ನಾಳೆಯೂ ಅದೇ ಸಂತೆಗೆ, ಅದೇ ಬಸ್ಸಿಗೆ ಬರುವವರು. ಚುನಾವಣೆ ಒಂದು ತಿಂಗಳಲ್ಲಿ ಮುಗಿಯುತ್ತದೆ, ಅವರ ಮೇಲೆ ಹಾಕಿದ ಮಾತು ಮುಗಿಯುವುದಿಲ್ಲ. ನಿಮ್ಮ ಮನೆಯವರಿಗೆ ಇದನ್ನು ಒಂದು ಸಲ ನಿಧಾನವಾಗಿ ಹೇಳಿ ನೋಡಿ. ಅವರು ಹೆದರಿಕೊಂಡು ಹಾಗೆ ಅಂದಿರುತ್ತಾರೆ.

ಇನ್ನು ಮಾಡಬೇಕಾದದ್ದು. ಆ ಕರಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಉಳಿದಿದ್ದರೆ ಬಿಸಾಡಬೇಡಿ. ಕೆಳಗೆ ಮುದ್ರಿಸಿದವರ, ಪ್ರಕಟಿಸಿದವರ ಹೆಸರು ವಿಳಾಸ ಇದೆಯಾ ನೋಡಿ. ಚುನಾವಣೆಯ ಯಾವ ಕರಪತ್ರವೂ ಅದಿಲ್ಲದೆ ಅಚ್ಚಾಗುವಂತಿಲ್ಲ, ಅದೇ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ. ಇಲ್ಲದಿದ್ದರೆ ಅದೊಂದಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕೊಟ್ಟವರು ಯಾರು, ಯಾವ ದಿನ, ಎಲ್ಲಿ ಎಂದು ಅದರ ಹಿಂದೆಯೇ ಬರೆದಿಡಿ. ಮುಂದೆ ಇಂಥದ್ದು ನೀತಿಸಂಹಿತೆ ಇರುವಾಗಲೇ ಕೈಗೆ ಬಂದರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ತೆಗೆದು ಹಾಕಬಹುದು. ಹೆಸರು ಕೊಡದೆಯೂ ಹಾಕಲು ಬರುತ್ತದೆ, 100 ನಿಮಿಷದೊಳಗೆ ಕ್ರಮ ಆಗಬೇಕು ಎನ್ನುವುದು ಅದರ ನಿಯಮ. 1950ಕ್ಕೆ ಫೋನ್ ಮಾಡಿಯೂ ಕೇಳಬಹುದು.

ದೂರು ಕೊಡುವುದು, ಬಿಡುವುದು ನಿಮಗೆ ಬಿಟ್ಟದ್ದು. ಊರಲ್ಲಿ ಬದುಕಬೇಕಾದವರು ನೀವು, ದೂರದಲ್ಲಿ ಕೂತು ನಾನು ಒತ್ತಾಯ ಮಾಡುವುದು ಸರಿಯಲ್ಲ. ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಅವತ್ತು ಆ ಕಟ್ಟು ಬೇರೆ ಕೆಲವರ ಕೈಗೂ ಹೋಗಿರಬಹುದು, ಅವರಲ್ಲೂ ಒಬ್ಬಿಬ್ಬರಿಗೆ ಹಂಚಲು ಮನಸ್ಸಿಲ್ಲದೆ ಇದ್ದಿರಬಹುದು. ಅಂಥವರು ಯಾರು ಎಂದು ನಿಮಗೆ ಅಂದಾಜು ಇದ್ದೇ ಇರುತ್ತದೆ. ಅವರ ಮನೆಗೆ ಹೋಗಿ ಮಾತಾಡಿ. ಮುಂದಿನ ಸಲ ಬೇಡ ಎನ್ನುವವರು ಇಬ್ಬರು ಮೂವರಾದರೆ ಸಭೆಗೆ ಕರೆಯದೆ ಬಿಡುವುದು ಪಕ್ಷದವರಿಗೆ ಅಷ್ಟು ಸುಲಭ ಆಗುವುದಿಲ್ಲ.